ಬ್ಯಾಂಡ್‌ನವರೆಲ್ಲ ನಿಮಗೆ ಹೇಗೆ ಸಿಗ್ತಾರೆ?

ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಅರಸೀಕೆರೆಗೆ ಹೋಗುವ ರೈಲಿನಲ್ಲಿ, ಎಲ್ಲಿ ಹೋದರೂ ಈ ಪ್ರಶ್ನೆ ಬರುತ್ತದೆ. "ಬ್ಯಾಂಡ್‌ಗಳ ಬಗ್ಗೆ ಬರೀತೀರಂತೆ. ಅವರೆಲ್ಲ ನಿಮಗೆ ಹೇಗೆ ಸಿಗ್ತಾರೆ? ಶೋ ಮುಗಿದ ಮೇಲೆ ಒಳಗೆ ಬಿಡ್ತಾರಾ?" ಕೇಳುವವರು ಕಾಲೇಜಿನವರಾದರೆ ಅದರ ಹಿಂದೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ನಾನೂ ಈ ಕೆಲಸ ಮಾಡಬಹುದಾ?

ನನ್ನ ಉತ್ತರ ಚಿಕ್ಕದು. ಶೋ ಮುಗಿದ ಮೇಲೆ ಹೋಗಬೇಡಿ. ಮಧ್ಯಾಹ್ನ ನಾಲ್ಕು ಗಂಟೆಗೆ ಹೋಗಿ. ಸೌಂಡ್‌ಚೆಕ್ ನಡೆಯುವ ಹೊತ್ತಿಗೆ, ಅಂದರೆ ಶೋಗೆ ಮುಂಚೆ ಮೈಕು, ವಾದ್ಯಗಳ ಸದ್ದು ಸರಿ ಮಾಡಿಕೊಳ್ಳುವ ಹೊತ್ತಿಗೆ.

ಇಂದಿರಾನಗರವೋ ಕೋರಮಂಗಲವೋ, ರಾತ್ರಿ ಬಣ್ಣದ ಬೆಳಕಿನಲ್ಲಿ ನೀವು ನೋಡುವ ಜಾಗ ಆ ಹೊತ್ತಿನಲ್ಲಿ ಬೇರೆಯೇ ಇರುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಆಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ಕುರ್ಚಿಗಳನ್ನು ಟೇಬಲ್ ಮೇಲೆ ಬೋರಲಾಗಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಡ್ರಮ್ಮರ್ ಎಲ್ಲರಿಗಿಂತ ಮೊದಲು ಬಂದಿರುತ್ತಾನೆ, ಅವನ ಸಾಮಾನು ಜಾಸ್ತಿ. ಬಂದವನೇ ಒಂದು ಹಳೇ ಜಮಖಾನ ಹಾಸುತ್ತಾನೆ. ಅದು ಅಂದಕ್ಕಲ್ಲ. ಬರೀ ನೆಲದ ಮೇಲೆ ಇಟ್ಟರೆ, ಕಾಲಿನ ಪೆಡಲ್ ತುಳಿದು ಬಾರಿಸುವ ಕಿಕ್ ಡ್ರಮ್ ಏಟಿಗೊಂದಿಷ್ಟು ಮುಂದಕ್ಕೆ ಜಾರುತ್ತದೆ. ಜಮಖಾನದ ಮೇಲೆ ಅಲ್ಲಲ್ಲಿ ಟೇಪಿನ ಗುರುತುಗಳಿರುತ್ತವೆ. ಯಾವ ಸ್ಟ್ಯಾಂಡ್ ಎಲ್ಲಿ ಅಂತ. ಬೆಂಗಳೂರಾಗಲಿ ಶಿಲ್ಲಾಂಗ್ ಆಗಲಿ, ಆ ಜಮಖಾನ ಹಾಸಿದ ಕಡೆ ಅವನ ಮನೆ.

ಆಮೇಲೆ ಹಿಂದಿನಿಂದ ಸೌಂಡ್ ಎಂಜಿನಿಯರ್ ಕೂಗುತ್ತಾರೆ, "ಕಿಕ್!" ಡುಗ್, ಡುಗ್, ಡುಗ್. ಐದು ನಿಮಿಷ ಅದೊಂದೇ ಸದ್ದು. ಆಮೇಲೆ ಸ್ನೇರ್. ಆಮೇಲೆ ಉಳಿದ ಡ್ರಮ್‌ಗಳು, ಬೇಸ್, ಗಿಟಾರ್, ಕೀಬೋರ್ಡ್. ಕೊನೆಗೆ ಗಾಯಕರು. ಪ್ರತಿಯೊಬ್ಬರೂ ತಮ್ಮ ಕಾಲ ಹತ್ತಿರ ಇಟ್ಟ ಮಾನಿಟರ್ ಎಂಬ ಸ್ಪೀಕರ್ ಕಡೆ ಕೈ ತೋರಿಸಿ ಕೇಳುತ್ತಾರೆ. "ನನ್ನ ವಾಯ್ಸ್ ಸ್ವಲ್ಪ ಜಾಸ್ತಿ." "ಕೀಬೋರ್ಡ್ ಬೇಡ, ಬೇಸ್ ಕೊಡಿ." ಆ ಮಾನಿಟರ್ ಪೆಟ್ಟಿಗೆ ನಮ್ಮ ಕಡೆ ಮುಖ ಮಾಡಿರುವುದಿಲ್ಲ, ಅವರ ಕಡೆ ಮಾಡಿರುತ್ತದೆ. ನಮಗೆ ಕೇಳುವುದೇ ಬೇರೆ, ವೇದಿಕೆಯ ಮೇಲೆ ಅವರಿಗೆ ಕೇಳುವುದೇ ಬೇರೆ. ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ.

ಬರೆಯಲು ಶುರು ಮಾಡಿದ ಮೊದಲ ವರ್ಷ. ಒಂದು ಬ್ಯಾಂಡಿನ ಗಾಯಕಿ ಅವತ್ತು ಶ್ರುತಿ ತಪ್ಪಿ ಹಾಡಿದರು. ಒಂದು ಹಾಡಲ್ಲ, ಮುಕ್ಕಾಲು ಗಂಟೆ. ನಾನು ಅದನ್ನು ಹಾಗೇ ಬರೆದೆ, ಸ್ವಲ್ಪ ಖಾರವಾಗಿಯೇ. ಒಂದು ವಾರದ ನಂತರ ಬೇರೆ ಜಾಗದಲ್ಲಿ ಅವತ್ತಿನ ಶೋದ ಸೌಂಡ್ ಎಂಜಿನಿಯರ್ ಸಿಕ್ಕರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತೇವೆ. ಅವರು ಬೈಯಲಿಲ್ಲ. "ಎರಡನೇ ಹಾಡಲ್ಲೇ ಆಕೆ ಮಾನಿಟರ್ ಸತ್ತೋಯ್ತಮ್ಮ. ತನ್ನ ಧ್ವನಿ ತನಗೇ ಕೇಳದೆ ಪೂರ್ತಿ ಹಾಡಿದ್ಲು. ಇನ್ನೊಬ್ರಾಗಿದ್ರೆ ಕೆಳಗಿಳಿದು ಬಂದ್ಬಿಡ್ತಿದ್ರು," ಅಂದರು.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಶ್ರುತಿ ತಪ್ಪಿದ್ದು ಸುಳ್ಳಲ್ಲ, ಎಲ್ಲರೂ ಕೇಳಿಸಿಕೊಂಡಿದ್ದರು. ಆದರೆ ಅವತ್ತು ನಡೆದದ್ದರಲ್ಲಿ ಅರ್ಧ ಮಾತ್ರ ನಾನು ಬರೆದಿದ್ದೆ. ಮುಂದಿನ ವಾರ ಉಳಿದದ್ದನ್ನೂ ಬರೆದೆ. ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಬೇಜಾರಿಲ್ಲ. ಆದ್ರೆ ಬರೆಯೋ ಮುಂಚೆ ನೀವು ಒಂದು ಮಾತು ಕೇಳಬಹುದಿತ್ತು," ಅಂದರು. ಅವತ್ತಿನಿಂದ ನಾನು ನಾಲ್ಕು ಗಂಟೆಗೆ ಹೋಗುತ್ತೇನೆ. ಮೂಲೆಯಲ್ಲಿ ಕೂರುತ್ತೇನೆ. ಫೋನ್ ಹೊರಗೆ ತೆಗೆಯುವುದಿಲ್ಲ.

ಸಿಗುವುದು ಅಂದರೆ ಇದೇ. ಮೊದಲ ಸಲ ಯಾರೂ ಮಾತಾಡಿಸುವುದಿಲ್ಲ. ಎರಡನೇ ಸಲ ಸ್ಟೇಜಿನ ಹುಡುಗ "ಅಕ್ಕಾ, ಆ ವೈರ್ ಮೇಲೆ ಕಾಲಿಡಬೇಡಿ" ಅನ್ನುತ್ತಾನೆ. ಮೂರನೇ ಸಲ ಚಹಾ ತರಿಸುವಾಗ ನಿಮ್ಮನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಸೌಂಡ್‌ಚೆಕ್ ಮುಗಿದು ಶೋ ಶುರುವಾಗುವವರೆಗೆ ಬ್ಯಾಂಡಿಗೆ ಮಾಡಲು ಏನೂ ಕೆಲಸ ಇರುವುದಿಲ್ಲ. ಎರಡು ಎರಡೂವರೆ ಗಂಟೆ ಸುಮ್ನೆ ಕೂತಿರುತ್ತಾರೆ. ನನ್ನ ಒಳ್ಳೆಯ ಸಂದರ್ಶನಗಳೆಲ್ಲ ನಡೆದದ್ದು ಆ ಖಾಲಿ ಹೊತ್ತಿನಲ್ಲಿ, ಹಿಂದಿನ ಮೆಟ್ಟಿಲ ಮೇಲೆ. ಶೋ ಮುಗಿದ ಮೇಲಾದರೆ ಅವರ ಮೈ ಬೆವರಿನಲ್ಲಿ ಒದ್ದೆಯಾಗಿರುತ್ತದೆ, ಕಿವಿ ಗುಂಯ್ ಅನ್ನುತ್ತಿರುತ್ತದೆ, ನೆಂಟರು ಕಾಯುತ್ತಿರುತ್ತಾರೆ, ಸಾಮಾನು ಕಟ್ಟಬೇಕು. ಆಗ ನೀವು ಏನೇ ಕೇಳಿದರೂ "ಕ್ರೌಡ್ ಸೂಪರ್" ಅನ್ನುವುದಷ್ಟೇ ಉತ್ತರ. ಅದು ಅವರ ತಪ್ಪಲ್ಲ.

ಕಿವಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಈ ಕೆಲಸಕ್ಕೆ ಬರುವವರು ಮೊದಲು ಕೊಳ್ಳಬೇಕಾದದ್ದು ರೆಕಾರ್ಡರ್ ಅಲ್ಲ, ಇಯರ್‌ಪ್ಲಗ್. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ಕೆಲಸದ ಜಾಗಗಳಿಗೆ ಅಮೆರಿಕದ ತಜ್ಞರು ಹಾಕಿಕೊಟ್ಟ ಮಿತಿ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಜೋರಾದ ರಾಕ್ ಶೋ ಸುಲಭವಾಗಿ 100 ದಾಟುತ್ತದೆ, ಎರಡು ಗಂಟೆ ನಡೆಯುತ್ತದೆ. ನಮ್ಮ ಕೆಲಸವೇ ಕೇಳುವುದು, ಅಲ್ವಾ?

ಮೊದಲು ನಾನು ಕೇಳಿದ ಲೈವ್ ಸಂಗೀತ ಯಾವ ಪಬ್ಬಿನದ್ದೂ ಅಲ್ಲ. ನಮ್ಮೂರಿನ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ. ಅದನ್ನು ಇಂದಿಗೂ ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ಒಬ್ಬರು ತಬಲಾ, ಇಬ್ಬರೋ ಮೂವರೋ ಹಾಡುವವರು. ಕರೆಂಟ್ ಹೋದರೆ ತಬಲಾ ಒಂದನ್ನೇ ಇಟ್ಟುಕೊಂಡು ಜನಪದ ಗೀತೆ ಎತ್ತಿಕೊಳ್ಳುತ್ತಿದ್ದರು. ಜನ ಎದ್ದು ಹೋಗುತ್ತಿರಲಿಲ್ಲ. ಜನರನ್ನು ಹಿಡಿದು ಕೂರಿಸುವುದು ಹೇಗೆ ಅಂತ ಆ ಗಾಯಕಿಯರಿಗೆ ಗೊತ್ತಿದ್ದಷ್ಟು ಇವತ್ತಿನ ಎಷ್ಟೋ ಹೆಸರಾಂತ ಬ್ಯಾಂಡ್‌ಗಳಿಗೆ ಗೊತ್ತಿಲ್ಲ. ಇದನ್ನು ನಾನು ತೂಗಿಯೇ ಹೇಳುತ್ತಿದ್ದೇನೆ.

ಬರೆಯುವ ಆಸೆ ಬಂದದ್ದು ಬೆಂಗಳೂರಿಗೆ ಬಂದ ಮೇಲೆ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಲ್ಲಿ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆಯ ಕೆಲವು ಹಳೇ ಸಂಚಿಕೆ ಸಿಕ್ಕವು. ನಮ್ಮ ದೇಶದ ರಾಕ್ ಬ್ಯಾಂಡ್‌ಗಳಿಗೆ ಹತ್ತಾರು ವರ್ಷ ಆಸರೆಯಾಗಿದ್ದ ಪತ್ರಿಕೆ ಅದು. 1993ರಲ್ಲಿ ಶುರುವಾದದ್ದು ಮುಂಬೈಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ಅಲಹಾಬಾದಿನಲ್ಲಿ. ಅರಸೀಕೆರೆಯ ಹುಡುಗಿಗೆ ಆ ಒಂದು ವಿಷಯವೇ ಎಷ್ಟು ಧೈರ್ಯ ಕೊಟ್ಟಿತು ಗೊತ್ತಾ!

ಆದರೆ ಮನೆಯಲ್ಲಿ ಹೇಳುವುದು ಸುಲಭ ಇರಲಿಲ್ಲ. "ಏನೇ, ಲೈವ್ ಬ್ಯಾಂಡ್ ಬಗ್ಗೆ ಬರೀತಿದ್ದೀಯಂತೆ?" ಅಂತ ಅಮ್ಮ ಗಾಬರಿಯಿಂದ ಫೋನ್ ಮಾಡಿದ್ದರು. ಕನ್ನಡ ಪತ್ರಿಕೆ ಓದುವವರಿಗೆ ಆ ಗಾಬರಿ ಅರ್ಥವಾಗುತ್ತದೆ. ಬೆಂಗಳೂರಿನ ಸುದ್ದಿಯಲ್ಲಿ ಲೈವ್ ಬ್ಯಾಂಡ್ ಅಂದರೆ ಹುಡುಗಿಯರನ್ನು ಕುಣಿಸುವ ಬಾರ್, ಪೊಲೀಸರ ದಾಳಿ. ಗಿಟಾರ್ ಹಿಡಿದು ತಮ್ಮದೇ ಹಾಡು ಬರೆದು ಹಾಡುವ ನಾಲ್ಕು ಜನಕ್ಕೂ ನಮ್ಮಲ್ಲಿ ಅದೇ ಹೆಸರು.

ಈ ಗೊಂದಲ ಬರೀ ಮಾತಿನದ್ದಲ್ಲ. ಇಂಥ ಜಾಗಗಳನ್ನು ಹತೋಟಿಯಲ್ಲಿಡಲು 2005ರಲ್ಲಿ ಬೆಂಗಳೂರಿನಲ್ಲಿ ಒಂದು ಲೈಸೆನ್ಸ್ ಆದೇಶ ಬಂದಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಪಬ್, ರೆಸ್ಟೋರೆಂಟುಗಳಿಗೆ ನೋಟಿಸ್ ಹೋಯಿತು. ಲೈಸೆನ್ಸ್ ಇಲ್ಲದಿದ್ದರೆ ಸಂಗೀತ ನಿಲ್ಲಿಸಿ ಅಂತ. ಲೈಸೆನ್ಸಿಗೆ ಕಟ್ಟಡದ ಸ್ವಾಧೀನ ಪತ್ರ ಬೇಕು, ಅಗ್ನಿಶಾಮಕದವರ ಒಪ್ಪಿಗೆ ಬೇಕು. ಇಂದಿರಾನಗರದ ಹಳೇ ಮನೆಗಳನ್ನೇ ಪಬ್ ಮಾಡಿಕೊಂಡವರು ಅದನ್ನೆಲ್ಲ ಎಲ್ಲಿಂದ ತರಬೇಕು? ರಾತ್ರಿ ನಿದ್ದೆ ಇಲ್ಲದೆ ಒದ್ದಾಡುತ್ತಿದ್ದ ಅಕ್ಕಪಕ್ಕದ ಮನೆಯವರ ದೂರೂ ಸಣ್ಣದಲ್ಲ, ಅವರ ಮಾತನ್ನೂ ನಾನು ಬರೆದಿದ್ದೇನೆ. ಆದರೆ ಶನಿವಾರದ ಹಾಡಿನ ದುಡ್ಡಿನಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದವರು ಆಗ ಏನು ಪಾಡುಪಟ್ಟರು ಅಂತ ಹತ್ತಿರದಿಂದ ನೋಡಿದೆ. ನಾನು ಬರೆಯಲು ಶುರು ಮಾಡಿದ ವರ್ಷವೇ ಅದು. ಮರುವರ್ಷ, 2013ರಿಂದ ಇಂದಿರಾನಗರದಲ್ಲಿ ನಡೆಯುತ್ತಿದ್ದ ದಿ ಹಮ್ಮಿಂಗ್ ಟ್ರೀ ಎಂಬ ಸಂಗೀತದ ಪಬ್ ಕೂಡ ಬಾಗಿಲು ಹಾಕಿತು. ಅಲ್ಲಿ ತಮ್ಮ ಮೊದಲ ಶೋ ಮಾಡಿದವರು ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಗಾಡಿ ನಿಧಾನ ಮಾಡುತ್ತಾರೆ.

"ದೊಡ್ಡವರು ಸಿಕ್ಕಿದ್ದಾರಾ?" ಅಂತಲೂ ಕೇಳುತ್ತಾರೆ. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ನಾನಿನ್ನೂ ಸ್ಕೂಲು. ಅದರ ಕಥೆಗಳನ್ನು ಹಿರಿಯ ಗೆಳೆಯರಿಂದ ಕೇಳಿದ್ದೇನೆ, ಅಷ್ಟೇ. ಈಚೆಗೆ ಹೊರದೇಶದಿಂದ ಬಂದ ಕೆಲವರನ್ನು ಮಾತಾಡಿಸಿದ್ದೇನೆ. ಹೋಟೆಲ್ ರೂಮು, ಹತ್ತು ನಿಮಿಷ, ಪಕ್ಕದಲ್ಲಿ ಗಡಿಯಾರ ನೋಡುತ್ತಾ ನಿಂತ ಮ್ಯಾನೇಜರ್. ಅಂಥ ಕಡೆ ನೆನಪಿಡುವ ಮಾತು ನನಗೆ ಸಿಕ್ಕಿಲ್ಲ.

ಸಿಕ್ಕಿದ್ದು ಇಲ್ಲೇ, ಅದೂ ಕನ್ನಡದಲ್ಲಿ ಕೇಳಿದಾಗ. ಇದು ನನ್ನ ಇಷ್ಟು ವರ್ಷದ ಗಳಿಕೆ ಅನ್ನಬಹುದು. ನಮ್ಮ ಬ್ಯಾಂಡ್‌ನವರು ಇಂಗ್ಲಿಷ್ ಸಂದರ್ಶನಕ್ಕೆ ಒಗ್ಗಿಹೋಗಿದ್ದಾರೆ. ಇನ್‌ಫ್ಲುಯೆನ್ಸ್ ಏನು, ಜಾನರ್ ಯಾವುದು, ಮುಂದಿನ ಆಲ್ಬಂ ಯಾವಾಗ. ಉತ್ತರಗಳು ಬಾಯಿಪಾಠ ಆಗಿರುತ್ತವೆ. ನಾನು "ನಿಮ್ಮ ಮನೇಲಿ ಯಾರು ಹಾಡ್ತಿದ್ರು?" ಅಂತ ಕೇಳುತ್ತೇನೆ. ಒಂದು ಸಲ ಹೀಗೆ ಕೇಳಿದಾಗ, ಅದುವರೆಗೆ ಅಮೆರಿಕದ ಬ್ಲೂಸ್ ಸಂಗೀತದ ಬಗ್ಗೆ ಮಾತಾಡುತ್ತಿದ್ದ ಚಾಮರಾಜನಗರದ ಕಡೆಯ ಗಿಟಾರ್ ಹುಡುಗ ಸುಮ್ಮನಾದ. ಆಮೇಲೆ ಹೇಳಿದ, "ನಮ್ ತಾತ ಕಂಸಾಳೆ ಮೇಡಂ. ಮಾದಪ್ಪನ ಪದ ಹಾಡೋರು. ನಾನು ಗಿಟಾರಲ್ಲಿ ಹೊಡಿಯೋದು ಆ ಏಟೇ. ಇದುವರ್ಗೂ ಯಾರೂ ಕೇಳಿರಲಿಲ್ಲ." ಆಮೇಲೆ ಒಂದು ಗಂಟೆ ಮಾತಾಡಿದ. ತೊಡೆಯ ಮೇಲೆ ತಾಳ ಹಾಕಿ ತೋರಿಸಿದ. ರಾತ್ರಿ ಆ ಹಾಡು ಬಂದಾಗ ನನ್ನ ಕಿವಿಗೆ ಅದು ಬೇರೆ ಹಾಡಾಗಿಯೇ ಕೇಳಿಸಿತು.

ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ತಂದು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋಗಿ ಹಾಡಿದರು. ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಕನ್ನಡದ ಹಾಡನ್ನು ದೇಶದ ಮೂಲೆಮೂಲೆಗೆ ಒಯ್ದರು. ಇಂಗ್ಲಿಷಿನಲ್ಲೇ ಬರೆಯುವ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನವರು 1996ರಿಂದ ತಮ್ಮದೇ ಹಾಡು ಹಾಡಿಕೊಂಡು ಬಂದವರು. ಇವರನ್ನೆಲ್ಲ ಕೇಳಿ ಬೆಳೆದ ಹುಡುಗರು ಈಗ ತುಮಕೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಕನ್ನಡದಲ್ಲಿ ರ್ಯಾಪ್ ಬರೆಯುತ್ತಿದ್ದಾರೆ. ಇವರ ಬಗ್ಗೆ ಕನ್ನಡದಲ್ಲಿ ಬರೆಯುವವರು ಬಹಳ ಕಡಿಮೆ. ಸಿನಿಮಾ ಹಾಡಿಗೆ ಜಾಗ ಇದೆ, ಶಾಸ್ತ್ರೀಯಕ್ಕೆ ಇದೆ. ನಡುವೆ ಇರುವ ಇವರಿಗೆ ಇಲ್ಲ. ಹಾಗಾಗಿ "ನಾನೂ ಈ ಕೆಲಸ ಮಾಡಬಹುದಾ?" ಅನ್ನುವವರಿಗೆ ನನ್ನ ಉತ್ತರ: ದಯವಿಟ್ಟು ಬನ್ನಿ. ದುಡ್ಡು ಕಡಿಮೆ, ನನಗೂ ಹಗಲಿಗೆ ಬೇರೆ ಕೆಲಸ ಇದೆ. ಕೊನೆಯ ಮೆಟ್ರೋ ತಪ್ಪುತ್ತದೆ. ಹೆಣ್ಣುಮಕ್ಕಳು ವಾಪಸ್ ಬರುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗಿ. ಆದರೂ ಬನ್ನಿ.

ಬಂದ ಮೇಲೆ ಒಂದು ಕಷ್ಟ ಇದೆ. ಜೊತೆಯಲ್ಲಿ ಕೂತು ಚಹಾ ಕುಡಿದವರ ಬಗ್ಗೆ ಚೆನ್ನಾಗಿಲ್ಲ ಅಂತ ಬರೆಯುವುದು. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬರೆಯುವುದನ್ನು ಮುಖಕ್ಕೂ ಹೇಳುತ್ತೇನೆ, ಮುಖಕ್ಕೆ ಹೇಳಲಾರದ್ದನ್ನು ಬರೆಯುವುದಿಲ್ಲ. ಇದರಿಂದ ಇಬ್ಬರು ಮಾತು ಬಿಟ್ಟಿದ್ದಾರೆ. ಅದು ನನಗೆ ಈಗಲೂ ನೋವಿನ ವಿಷಯ.

ಮೊನ್ನೆ ಶನಿವಾರ ರಾತ್ರಿ ಹನ್ನೆರಡೂವರೆ. ಶೋ ಮುಗಿದಿತ್ತು. ಡ್ರಮ್ಮರ್ ಜಮಖಾನ ಸುತ್ತಿ ಹೆಗಲ ಮೇಲಿಟ್ಟುಕೊಂಡು ಟಾಟಾ ಏಸ್ ಹತ್ತಿರ ನಿಂತಿದ್ದ. ಗಾಯಕ ಬಂದು, "ಮೂರನೇ ಹಾಡು ಹೇಗಿತ್ತು?" ಅಂತ ಕೇಳಿದ.

"ಕೊನೇ ಚರಣದ ಮಾತು ಒಂದೂ ಕೇಳಿಸಲಿಲ್ಲ. ಗಿಟಾರ್ ಮುಚ್ಚಿಹಾಕ್ತು," ಅಂದೆ.

ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, "ನಾಳೆ ಮೈಸೂರಲ್ಲಿದೆ. ನಾಲ್ಕಕ್ಕೆ ಸೌಂಡ್‌ಚೆಕ್. ಬರ್ತೀರಾ? ಅದೊಂದು ಹಾಡು ಹಿಂದೆ ನಿಂತು ಕೇಳಿ," ಅಂದ.

ಆಟೋದಲ್ಲಿ ಕೂತು ಬೆಳಗಿನ ರೈಲು ಎಷ್ಟೊತ್ತಿಗೆ ಅಂತ ನೋಡಿದೆ.