ಬಾಯಿ ಬಿಟ್ಟ ನಕ್ಷತ್ರ

ಮ್ಯೂನಿಕ್‌ನಲ್ಲಿ ಶಾಲೆಗೆ ರಜಾ ಬಿದ್ದ ಕೂಡಲೇ ಮಲ್ಲೇಶ್ವರಕ್ಕೆ ಓಡಿ ಬರುವುದು ನಮ್ಮ ವಾಡಿಕೆ. ಈ ಸಲ ವರಮಹಾಲಕ್ಷ್ಮಿ ಹಬ್ಬವೂ ಸಿಕ್ಕಿತು. ಹಿಂದಿನ ಸಂಜೆ ಅಮ್ಮ ಹೂ ಕಟ್ಟುತ್ತಾ ಕೂತಿದ್ದರು. ಮಗ್ಗುಲಲ್ಲಿ ಮಗಳು ಲ್ಯಾಪ್‌ಟಾಪಿನಲ್ಲಿ ಸ್ಕ್ರ್ಯಾಚ್ ತೆರೆದು ನಕ್ಷತ್ರ ಬಿಡಿಸುತ್ತಿದ್ದಳು. ಬಣ್ಣಬಣ್ಣದ ಬ್ಲಾಕು ಜೋಡಿಸಿಯೇ ಪ್ರೋಗ್ರಾಂ ಮಾಡುವ ಆಟ ಅದು, 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಬಿಟ್ಟದ್ದು. ನಮ್ಮ ಕಾಲಕ್ಕೆ ಇದ್ದಿದ್ದರೆ!

ಎರಡು ಲಿಸ್ಟು. ಒಂದರಲ್ಲಿ ಮೂಲೆಗಳ ಎಕ್ಸ್, ಅಂದರೆ ಅಡ್ಡಕ್ಕೆ ಎಷ್ಟು ದೂರ ಅನ್ನುವ ಅಂಕಿ; ಇನ್ನೊಂದರಲ್ಲಿ ವೈ, ಮೇಲಕ್ಕೋ ಕೆಳಕ್ಕೋ ಎಷ್ಟು ಅನ್ನುವುದು. ಪರದೆಯ ಪೆನ್ನು 1ನೇ ಮೂಲೆಯಿಂದ 12ನೆಯದರವರೆಗೆ ಹೋಗಿ ನಿಂತುಬಿಟ್ಟಿತು. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಬಾಯಿ ಬಿಟ್ಕೊಂಡಿದೆಯಲ್ಲೇ ಪುಟ್ಟಿ ನಿನ್ನ ನಕ್ಷತ್ರ! ಎಲ್ಲಿ ಶುರು ಮಾಡಿದ್ಯೋ ಅಲ್ಲಿಗೇ ಬಂದು ಮುಟ್ಟಬೇಕು" ಅಂದರು.

ಕೊನೆಗೆ ಮತ್ತೆ 1ನೇ ಮೂಲೆಗೆ ಹೋಗುವ ಬ್ಲಾಕು ಹಾಕಿದಳು, ಮುಚ್ಚಿಕೊಂಡಿತು. ಅದೇ ಹುರುಪಿನಲ್ಲಿ ಇನ್ನೊಂದು ನಕ್ಷತ್ರದ ಮೂಲೆಗಳನ್ನೂ ಅದೇ ಲಿಸ್ಟಿಗೆ ತುರುಕಿದಳು. ಎರಡರ ನಡುವೆ ಉದ್ದಕ್ಕೆ ಎರಡು ಗೀಟು! "ಕೈ ಎತ್ತದೆ ಎಳೆದ್ರೆ ಇನ್ನೇನಾಗತ್ತೆ?" ಅಂದರು ಅಮ್ಮ. ಒಂದೊಂದು ಆಕಾರವನ್ನೂ ಪುಟ್ಟ ಲಿಸ್ಟ್ ಮಾಡಿ ದೊಡ್ಡದರೊಳಗೆ ಇಡೋಣವೆಂದರೆ ಸ್ಕ್ರ್ಯಾಚಿನಲ್ಲಿ ಲಿಸ್ಟಿನೊಳಗೆ ಲಿಸ್ಟ್ ಇಡಲು ಬರುವುದಿಲ್ಲ. ಹಾಗಾಗಿ ಯಾವ ಆಕಾರಕ್ಕೆ ಎಷ್ಟು ಮೂಲೆ ಅಂತ ಹೇಳುವ ಮೂರನೇ ಲಿಸ್ಟ್ ಬಂತು: ಅಷ್ಟು ಮುಗಿದ ಮೇಲೆ ಆ ಆಕಾರದ ಮೊದಲ ಮೂಲೆಗೆ ಮರಳು, ಪೆನ್ನೆತ್ತು, ಮುಂದಕ್ಕೆ ಹೋಗು.

ಬೆಳಿಗ್ಗೆ ಬಾಗಿಲ ಮುಂದೆ ಅಮ್ಮ ನಡುವೆ 7 ಚುಕ್ಕಿ ಇಟ್ಟು, ಎರಡೂ ಕಡೆ ಸಂದಿನಲ್ಲಿ ಇಳಿಸುತ್ತಾ 4ಕ್ಕೆ ನಿಲ್ಲಿಸಿದರು. ಮಗಳು ಎಣಿಸಿದಳು, 37. "ಅಜ್ಜಿ, ನಿನ್ನ ಲಿಸ್ಟ್ ಎಲ್ಲಿದೆ?" "ಈಚೆ ಬಾರೇ, ಪುಡಿ ತುಳೀತೀಯ." 1974ರಲ್ಲೇ ಮದರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ಸಂಶೋಧಕರು ತಮಿಳರ ಕೋಲಂ ರಂಗೋಲಿಯ ವ್ಯಾಕರಣವನ್ನೇ, ಅಂದರೆ ಅದನ್ನು ಕಟ್ಟುವ ನಿಯಮಗಳನ್ನೇ, ಕಂಪ್ಯೂಟರ್ ವಿಜ್ಞಾನದ ಪ್ರಬಂಧವಾಗಿಸಿದ್ದರು. ಅಮ್ಮನಿಗೆ ಹೇಳಿದೆ. "ಅದರಲ್ಲಿ ಬರೆಯೋಕೇನಿದೆ?" ಅಂದು ಎಳೆ ಎಳೆಯುತ್ತಲೇ ಇದ್ದರು.

ಸಂಜೆ ಕುಂಕುಮಕ್ಕೆ ಅತ್ತಿಗೆಯ ಫ್ಲಾಟಿಗೆ ಹೋದೆವು. ಅಣ್ಣನ ಮಗ ದುಡ್ಡು ಕೊಟ್ಟು ಕೋಡಿಂಗ್ ಕ್ಲಾಸಿಗೆ ಹೋಗುತ್ತಾನೆ. ಹೊಸ್ತಿಲ ಮುಂದೆ ಸ್ಟಿಕ್ಕರ್ ರಂಗೋಲಿ. ಮಗಳು ಕುಕ್ಕರಗಾಲಲ್ಲಿ ಕೂತು ನೋಡಿ, "ಅತ್ತೆ, ಇದ್ರಲ್ಲಿ ಚುಕ್ಕಿನೇ ಇಲ್ಲ. ನಾಳೆ ಬೇರೆ ಮಾಡ್ಬೇಕು ಅಂದ್ರೆ ಹೇಗೆ?" ಅಂದಳು.

"ಬೇರೆ ಯಾಕೆ ಚಿನ್ನ, ಇದು ಒರೆಸಿದ್ರೂ ಹೋಗಲ್ಲ."

ಎಲ್ಲರೂ ನಕ್ಕರು, ನಾನೂ. ಆದರೆ ಚುರುಕ್ಕೆಂದಿತು. ನಮ್ಮ ಮ್ಯೂನಿಕ್‌ನ ಮೆಟ್ಟಿಲಲ್ಲಿ ಪುಡಿ ಚೆಲ್ಲಿದರೆ ಗುಡಿಸುವ ಸರದಿಯ ಮನೆಯವರು ಬಿಡುವುದಿಲ್ಲ, ಅಲ್ಲಿ ರಂಗೋಲಿ ಇಲ್ಲದ್ದಕ್ಕೆ ಕಾರಣವಾದರೂ ಇದೆ. ಇಲ್ಲಿ ನಾಲ್ಕು ಬೀದಿ ಆಚೆ ಅಜ್ಜಿ ಇದ್ದಾರೆ, ಮೊಮ್ಮಗ ಒಂದು ದಿನವೂ ಅವರ ಪಕ್ಕ ಚುಕ್ಕಿ ಇಟ್ಟವನಲ್ಲ.

ಅಮ್ಮನಿಗೀಗ ಹೊಸ ತಕರಾರು: ನಕ್ಷತ್ರ ಮುಚ್ಚಿದ್ದಾಯ್ತು, ಬಣ್ಣ ಎಲ್ಲಿ? ಪೆನ್ ಬ್ಲಾಕುಗಳಲ್ಲಿ ಬಣ್ಣ ತುಂಬುವ ಬ್ಲಾಕೇ ಇಲ್ಲ. ಗೆರೆ ಪಕ್ಕ ಗೆರೆ ಎಳೆದು ತುಂಬುತ್ತೇನೆ ಅಂತ ಮಗಳು ಹಟ ಹಿಡಿದಿದ್ದಾಳೆ, ಊಟಕ್ಕೆ ಕರೆದರೂ ಏಳುತ್ತಿಲ್ಲ.