ಕೆಂಪ್ ಔಷಧ, ದೊಡ್ಡವ್ವನ ಲಿವರ್

ಹೋದ ವಾರ ದೊಡ್ಡವ್ವನ ಕೀಮೋ ಮುಂದಕ್ಕ ಹಾಕಿದ್ರು. ಜೇವರ್ಗಿಯಿಂದ ನಸುಕಿನ್ಯಾಗ ಬಸ್ ಹತ್ತಿ ಕಲಬುರಗಿಗಿ ಬಂದು ಕುಂತಾಕಿ, ಬಿಲಿರುಬಿನ್ (ಲಿವರ್ ಪಿತ್ತದಾಗ ಹೊರಗ ಹಾಕೋ ಹಳದಿ ವಸ್ತು) 2.1 ಬಂದದ ಇವತ್ತ ಕೊಡಂಗಿಲ್ಲ ಅಂದಕೂಡ್ಲೇ ಕಣ್ಣಾಗ ನೀರ್ ತಂದಳು, "ಗಂಟು ಎದಿಯಾಗ ಅದ, ಇವ್ರು ಲಿವರ್ ಯಾಕ್ ನೋಡ್ತಾರವ್ವಾ" ಅಂತ. ನಾ ಬಯೋಕೆಮಿಸ್ಟ್ರಿ ಓದಿದಾಕಿ, ಸುಮ್ಮ ಕೂಡ್ಲಿಕ್ಕಿ ಆಗ್ಲಿಲ್ಲ.

ಆಕಿಗಿ ಕೊಡೋದು ಡಾಕ್ಸೊರುಬಿಸಿನ್. ಸಿರಿಂಜ್ ತುಂಬ ಕೆಂಪಗಿರ್ತದ, ಆಮ್ಯಾಲ ಉಚ್ಚಿನೂ ಕೆಂಪಗೇ ಬರ್ತದ, ಮೊದಲ್ನೇ ಸಲ ರಕ್ತ ಅಂತ ತಿಳಿದು ಮನಿಮಂದಿಯೆಲ್ಲ ಗಾಬರಿ ಆಗಿದ್ವಿ. ಡಿಎನ್ಎ ಅಂದ್ರ ಖಡಕ್ ರೊಟ್ಟಿ ಒಂದರ ಮ್ಯಾಲೊಂದು ಒಟ್ಟಿಟ್ಟಂಗ ಅನ್ಕೋರಿ, ಈ ಔಷಧದ ಚಪ್ಪಟಿ ಅಣು ಎರಡು ರೊಟ್ಟಿ ನಡುವ ನುಸುಳಿ ಕೂಡ್ತದ, ಸಿಕ್ಕು ಬಿಡಿಸ್ಲಿಕ್ಕಿ ಎಳಿ ಕತ್ತರಿಸೋ ಟೊಪೊಐಸೊಮರೇಸ್ 2 ಅನ್ನೋ ಎಂಜೈಮ್ ಕತ್ತರಿಸಿದ್ದನ್ನ ತಿರುಗಿ ಜೋಡಿಸಲಾರ್ದಂಗ ಮಾಡ್ತದ. ಜೋರಾಗಿ ನಕಲು ಮಾಡ್ಕೊಂತ ಬೆಳಿಯೋ ಟ್ಯೂಮರ್ ಕೋಶಕ್ಕ ಅದೇ ಪೆಟ್ಟು.

ಆದ್ರ ಔಷಧಕ್ಕ ಇದು ಟ್ಯೂಮರ್, ಇದು ಲಿವರ್ ಅಂತ ಗುರ್ತಿಲ್ಲ. ದೊಡ್ಡವರ ಲಿವರ್ ಕೋಶ ಒಂದು ಎರಡಾಗೋದು ಅಪರೂಪ, ಅದಕ್ಕ ಡಿಎನ್ಎ ನಕಲು ಕಮ್ಮಿ. ಪ್ರೋಟೀನ್ ಮಾಡ್ಲಿಕ್ಕಿ ಡಿಎನ್ಎ ನೋಡಿ ಆರ್‌ಎನ್‌ಎ ಅನ್ನೋ ಚೀಟಿ ಬರಿಯೋ ಕೆಲಸ ಮಾತ್ರ ಹಗಲು ರಾತ್ರಿ ನಡದೇ ಇರ್ತದ, ಅಲ್ಬುಮಿನ್, ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್ ಎಲ್ಲಾ ಅಲ್ಲೇ ಆಗಬೇಕಲ್ಲ. ನಂಗ ಓದೋ ಮುಂದ ಬಹಳ ಹಿಡಿಸಿದ್ದು ಇಲಿಗಳ ಪ್ರಯೋಗ: ಲಿವರಿನ ಮೂರರಾಗ ಎರಡು ಪಾಲು ಕೊಯ್ದು ತಗದ್ರ ಉಳಿದದ್ದು ಬೆಳಿಲಿಕ್ಕಿ ಸುರು ಮಾಡ್ತದ, ಸುಮಾರು 24 ತಾಸಿಗಿ ಡಿಎನ್ಎ ತಯಾರಿ ಶಿಖರ ಮುಟ್ತದ. ಕೊಯ್ದ ಬಳಿಕ ಲಗೂನೇ, ಈ ಕೆಂಪ್ ಔಷಧದಂಗೇ ಡಿಎನ್ಎಕ್ಕ ಅಂಟೋ ಆಕ್ಟಿನೊಮೈಸಿನ್ ಡಿ ಅನ್ನೋ ಇನ್ನೊಂದು ಔಷಧ ಕೊಟ್ರ ಆ ತಯಾರಿನೇ ಸುರು ಆಗಂಗಿಲ್ಲ. ಅದು ಡಿಎನ್ಎ ಮ್ಯಾಲ ಗ್ವಾನಿನ್ (ಡಿಎನ್ಎದ ನಾಲ್ಕು ಅಕ್ಷರದಾಗ ಒಂದು) ಇರೋ ಕಡಿ ಕುಂತು ಆರ್‌ಎನ್‌ಎ ಬರಿಯೋ ಎಂಜೈಮ್ ಆರ್‌ಎನ್‌ಎ ಪಾಲಿಮರೇಸ್‌ಗಿ ದಾರಿ ಕಟ್ತದ, ನಕಲಿಗಿ ಬೇಕಾದ ಎಂಜೈಮಿನ ಆರ್‌ಎನ್‌ಎನೇ ಬರಿಲಿಲ್ಲಂದ್ರ ನಕಲು ಎಲ್ಲಿಂದ ಬರಬೇಕು. ಸಣ್ಣ ಡೋಸಿನ್ಯಾಗ ಮೊದಲು ನಿಲ್ಲೋದು ರೈಬೊಸೋಮಿನ, ಅಂದ್ರ ಪ್ರೋಟೀನ್ ಕಟ್ಟೋ ಯಂತ್ರದ, ಆರ್‌ಎನ್‌ಎ.

ಇನ್ನೊಂದು ಮಾತು ದೊಡ್ಡವ್ವಗ ಬಿಡಿಸಿ ಹೇಳ್ದೆ: ಈ ಕೆಂಪ್ ಔಷಧ ಮೈಯಿಂದ ಹೊರಗ ಹಾಕೋದೂ ಲಿವರೇ, ಪಿತ್ತದ ದಾರಿಯಿಂದ. ಬಿಲಿರುಬಿನ್ ಏರ್ಯದ ಅಂದ್ರ ಆ ದಾರಿ ಕಟ್ಟಿರಬಹುದು, ಹಂಗಾದ್ರ ಔಷಧ ರಕ್ತದಾಗೇ ಬಹಳ ಹೊತ್ತು ತಿರುಗ್ತದ, ಅಸ್ಥಿಮಜ್ಜೆ, ಬಾಯಿ, ಕರಳು ಎಲ್ಲಾ ಸುಡ್ತದ. ಅದಕ್ಕೇ 1.2ರಿಂದ 3ರ ತನಕ ಇದ್ರ ಡೋಸ್ ಅರ್ಧಕ್ಕ ಇಳಸ್ತಾರ, ಇಲ್ಲಾ ಇಳಿಯೋ ತನಕ ಕಾಯ್ತಾರ.

ನಿನ್ನಿ 0.9 ಬಂತು. ರಿಪೋರ್ಟ್ ಹಾಳಿ ತಾನೇ ಇಸಕೊಂಡು, ಆ ಸಾಲಿನ ಮ್ಯಾಲ ಬಟ್ಟಿಟ್ಟು ನರ್ಸ್‌ಗಿ ತೋರಿಸಿ, ಆಮ್ಯಾಲ ಕೈ ಚಾಚಿದ್ಳು.