ಸುಂಕದವನ ಪಕ್ಕದಲ್ಲಿ ಸಿಮೋನ

ಈ ಭಾನುವಾರದ ಆರಾಧನೆಯಲ್ಲಿ ಲೂಕನ ಸುವಾರ್ತೆಯ 6ನೆಯ ಅಧ್ಯಾಯವನ್ನು ಓದುತ್ತಿದ್ದಾಗ, ಎಷ್ಟೋ ಸಲ ಕೇಳಿ ಮರೆತಿದ್ದ ಹನ್ನೆರಡು ಶಿಷ್ಯರ ಪಟ್ಟಿಯಲ್ಲಿ ಎರಡು ಹೆಸರುಗಳು ನನ್ನನ್ನು ತಡೆದು ನಿಲ್ಲಿಸಿದವು. ಒಬ್ಬ ಮತ್ತಾಯ, ರೋಮಿಗೆ ತಲೆಬಾಗಿದ್ದ ಹೆರೋದನ ಗಲಿಲಾಯದಲ್ಲಿ ಸುಂಕದ ಕಟ್ಟೆಯ ಮೇಲೆ ಕುಳಿತು, ತನ್ನವರ ತಿರಸ್ಕಾರಕ್ಕೇ ಗುರಿಯಾಗಿದ್ದವನು. ಇನ್ನೊಬ್ಬ ಸಿಮೋನ, ಮತಾಭಿಮಾನಿ, ಅಂದರೆ ಯೆಹೂದಿ ಧರ್ಮದ ಕಟ್ಟಾ ಅಭಿಮಾನಿ ಎಂಬ ಬಿರುದನ್ನು ಹೊತ್ತವನು, ರೋಮಿನ ಆಳ್ವಿಕೆಗೆ ಒಗ್ಗಿದ ಅಂಥ ಸುಂಕದವರನ್ನು ಕಂಡರೆ ಸಹಿಸಲಾರದವನಿದ್ದಿರಬೇಕು. ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು ಎಂಬುದು, ನೀರಿನ ಮೇಲೆ ನಡೆದದ್ದಕ್ಕಿಂತ ಸಣ್ಣ ಪವಾಡವೆಂದು ನನಗೆ ಅನ್ನಿಸುವುದಿಲ್ಲ.

ಹಾಗೆಂದು ಅವರು ಒಮ್ಮೆಲೇ ಸಂತರಾದರೆಂದಲ್ಲ. ಜೆಬೆದಾಯನ ಮಕ್ಕಳು ಯೇಸುವಿನ ಎಡಬಲದ ಪೀಠಗಳನ್ನು ಕೇಳಿದಾಗ ಉಳಿದ ಹತ್ತು ಮಂದಿ ಸಿಟ್ಟಾದರು. ಪೇತ್ರನಂತೂ, ಅಷ್ಟೆಲ್ಲ ಕಂಡುಂಡ ಮೇಲೂ, ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಊಟ ಮಾಡುವುದನ್ನು ಜನರ ಮಾತಿಗೆ ಹೆದರಿ ಬಿಟ್ಟನು. ಪೌಲನು ಅದನ್ನು ಮುಖಾಮುಖಿಯಾಗಿ ಖಂಡಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ತನ್ನ ಹಿರಿಯರ ಇಂಥ ಜಗಳಗಳನ್ನು ಅಳಿಸಿಹಾಕದೆ ಉಳಿಸಿಕೊಂಡ ಸಭೆಯ ಮೇಲೆ ನನಗೆ ವಿಶ್ವಾಸ ಹೆಚ್ಚುತ್ತದೆ.

ನನ್ನ ಮುಂದಿನ ಸಾಲಿನಲ್ಲಿಯೇ, ಕಾಂಪೌಂಡ್ ಗೋಡೆಯ ತಕರಾರಿನಿಂದಾಗಿ ಎರಡು ವರ್ಷಗಳಿಂದ ನಾನು ಮಾತನಾಡಿಸದ ನೆರೆಯವರು ಕುಳಿತಿದ್ದರು. ಕರ್ತನ ಭೋಜನದ ಹೊತ್ತಿಗೆ ಇಬ್ಬರೂ ಅಕ್ಕಪಕ್ಕದಲ್ಲಿ ಮೊಣಕಾಲೂರಿ, ಒಂದೇ ಪಾತ್ರೆಯಿಂದ ಕುಡಿದೆವು. ಹೊರಗೆ ಬಂದಾಗ ಅವರೇ ಮೊದಲು ಮಳೆಯ ವಿಚಾರ ಎತ್ತಿದರು; ಗೋಡೆಯ ಮಾತು ಇನ್ನೂ ಬಂದಿಲ್ಲ.